ರುಮಾಲುಗಳ ಹಿಂದೆ ಕೂತು ಕೇಳಿದ ಟಿವಿ

ನಾನು ಮದುವೆಯಾಗಿ ನರೋಣಾಕ್ಕೆ ಬಂದ ಮರುವರ್ಷ, ಎಪ್ಪತ್ತರ ದಶಕದ ನಡುವಿನಲ್ಲಿ, ಸರ್ಕಾರದವರು ಊರ ಶಾಲೆಗೊಂದು ಟಿವಿ ತಂದಿಟ್ಟರು. ಮಾಳಿಗೆಯ ಮೇಲೆ ಕೋಳಿಗೂಡಿನ ಜಾಳಿಗೆಯಂಥ ತಂತಿಯ ದೊಡ್ಡ ಬುಟ್ಟಿ. ಅದು ಆಕಾಶದ ಸ್ಯಾಟಲೈಟಿನಿಂದ ಚಿತ್ರ ಹಿಡಿಯುತ್ತದಂತೆ. ಕಾನ್ವೆಂಟಿನಲ್ಲಿ ಸಿಸ್ಟರು ಪುಸ್ತಕದಲ್ಲಷ್ಟೇ ತೋರಿಸಿದ್ದ ಟೆಲಿವಿಷನ್, ಇನ್ನು ಮುಂದೆ ಏನೂ ಇಲ್ಲವೆಂದು ನಾನು ಅಂದುಕೊಂಡಿದ್ದ ಹಳ್ಳಿಗೇ ಬಂದಿತ್ತು. ಎಷ್ಟು ಥ್ರಿಲ್ ಆಯಿತೆಂದರೆ, ಮೊದಲ ಸಂಜೆ ಅತ್ತೆಯ ಕೈ ಹಿಡಿದು ಓಡಿದೆ.

ನೋಡಿದ್ದು ಗಂಡಸರ ತಲೆಯ ರುಮಾಲುಗಳನ್ನು.

ಶಾಲೆಯ ಅಂಗಳದಲ್ಲಿ ಫ್ರಂಟ್ ರೋ ಹಿರಿಯರದು, ಅವರ ಹಿಂದೆ ಉಳಿದ ಗಂಡಸರು, ಕಟ್ಟಕಡೆಗೆ ಗೋಡೆಗೆ ಒರಗಿ ನಾವು ಹೆಂಗಸರು. ಮಾವಂದಿರಿಗೆ ಬೆನ್ನು ಮಾಡಿ ಸೊಸೆಯರು ಕೂಡುವುದುಂಟೇ? ಹೀಗಾಗಿ ಟಿವಿಯನ್ನು ಕೇಳಿದೆವು. ಹೆಣ್ಣುಮಕ್ಕಳ ಕಾರ್ಯಕ್ರಮದಲ್ಲಿ ಒಬ್ಬಾಕೆ ಕನ್ನಡದಲ್ಲಿ ಹೇಳುತ್ತಿದ್ದಳು: ಬಾಣಂತಿಗೆ ಏನು ಉಣಿಸಬೇಕು, ಕೂಸಿಗೆ ಭೇದಿಯಾದರೆ ಏನು ಕುಡಿಸಬೇಕು. ಅತ್ತೆ ಆ ದನಿಗೆ ಸೋತುಹೋದರು.

“ಹೆಂಗದಾಳೋ ಏನೋ, ಒಮ್ಮಿ ಆಕಿ ಮಾರಿ ನೋಡಬೇಕು ಬೇ.”

ಪ್ರತಿ ಸಲ ಮನೆಗೆ ಮರಳುವಾಗ ಅದೇ ಮಾತು. ನಾನು ಕಂಡಿದ್ದರಲ್ಲವೇ ಹೇಳುವುದು!

ಸೊಲ್ಯೂಷನ್ ಸಿಂಪಲ್ ಇತ್ತು. ಹೆಣ್ಣುಮಕ್ಕಳ ಕಾರ್ಯಕ್ರಮವಿದ್ದ ದಿನ ಕ್ಲಾಸಿನ ಬಾಗಿಲಲ್ಲಿ ಅಂಗಳಕ್ಕೆ ಮುಖಮಾಡಿ ಇಟ್ಟಿದ್ದ ಟಿವಿಯನ್ನು ಒಳಕ್ಕೆ ತಿರುಗಿಸಿದರಾಯಿತು. ನಾವು ಒಳಗೆ ಕೂತು ನೋಡುತ್ತೇವೆ. ಟಿವಿಯ ಹೊಣೆ ಹೊತ್ತ ಹೆಡ್‌ಮಾಸ್ತರರಿಗೆ ಹೇಳಿದೆ. ಅವರು ಹೌಹಾರಿದರು.

“ಹಿರ್ಯಾರಿಗಿ ಟಿವಿ ಬೆನ್ನು ತೋರಸ್ಬೇಕೇನ್ರಿ ಅಕ್ಕಾರ?”

ಆಮೇಲೆ ತಿಂಗಳುಗಟ್ಟಲೆ “ಕೇಳ್ತೇನ್ರಿ”, “ನೋಡೂಣ್ರಿ”. ನನ್ನ ಕಾನ್ವೆಂಟ್ ಮ್ಯಾನರ್ಸ್‌ನ ಪ್ಲೀಸು, ಥ್ಯಾಂಕ್ಯೂಗಳೆಲ್ಲ ಖರ್ಚಾದವು. ಕಡೆಗೆ ಒಂದು ಸಂಜೆ, ಟಿವಿಯಲ್ಲಿ ಬಾಣಂತಿಯ ಆರೈಕೆಯ ಮಾತು ನಡೆದಿದ್ದಾಗ, ಅತ್ತೆ ಗೋಡೆಯ ಬುಡದಿಂದಲೇ ಕೂಗಿದರು:

“ಬಾಣಂತಿ ಆಗವ್ರು ಯಾರ್ರಿ, ನೀವೋ ನಾವೋ?”

ಮುಂದಿನ ಸಾಲಿನ ಅತಿ ಹಿರಿಯ ಮುದುಕರು ಹೆಗಲು ಕುಣಿಸಿ ನಗತೊಡಗಿದರು. “ಮುಂದಿನ ಸಲ ಹೊಳ್ಳಸಿ ಇಡ್ರಿ ಮಾಸ್ತರ, ಇಲ್ಲಂದ್ರ ನಮಗ ಬಾಣಂತನ ಮಾಡಸ್ತಾಳ ಈಕಿ!”

ಆ ಮುಂದಿನ ಸಲದ ದಿನ ಹೆಂಗಸರೆಲ್ಲ ಸೇರಿ ಕ್ಲಾಸು ಗುಡಿಸುತ್ತಿದ್ದೆವು. ಅತ್ತೆ ಆಗಲೇ ಇಳಕಲ್ ಸೀರೆಯುಟ್ಟು ತಮ್ಮ ಜಾಗ ಹಿಡಿದಿದ್ದರು. ಹೊರಗೆ ಜೀಪು ನಿಂತಿತು. ಇಬ್ಬರು ಬಂದು ಟಿವಿಯ ವೈರು ಕಿತ್ತರು.

“ಸ್ಯಾಟಲೈಟ್ ಟಿವಿ ಎಕ್ಸ್‌ಪೆರಿಮೆಂಟ್ ಮುಗೀತ್ರಿ. ವರ್ಷಕ್ಕಷ್ಟ ಇತ್ತು.”

“ಯಾರ್ದು ಮುಗೀತಪ್ಪ?” ಅತ್ತೆ ಎದ್ದು ನಿಂತರು. “ನಮ್ದಿನ್ನ ಸುರುನ ಆಗಿಲ್ಲ. ಇವತ್ತೊಂದಿನ ತಡದು ಒಯ್ರಿ.”

ಆರ್ಡರ್ ಎಂದರು. ಒಂದು ಸಂಜೆ! ಒಂದೇ ಸಂಜೆಯನ್ನೂ ಕೊಡಲಾಗದ ಅದೆಂಥ ಆರ್ಡರೋ.

ಎಂಬತ್ತರ ದಶಕದಲ್ಲಿ ಆಳಂದಕ್ಕೆ ಬಂದು ಮನೆ ಮಾಡಿದಾಗ ನಾನು ಹಟ ಹಿಡಿದು ಕಲರ್ ಟಿವಿ ತರಿಸಿದೆ. ಅದರೆದುರಿಗೇ ಅತ್ತೆಗೆ ಕುರ್ಚಿ ಹಾಕಿದೆ. ನಡುವೆ ಒಂದು ರುಮಾಲೂ ಇರಲಿಲ್ಲ. ದೆಹಲಿಯಿಂದ ಒಬ್ಬಾಕೆ ಹಿಂದಿಯಲ್ಲಿ ಮಾತಾಡುತ್ತಿದ್ದಳು. ಅತ್ತೆ ಬಗ್ಗಿ ಬಗ್ಗಿ ನೋಡಿದರು.

“ಆಕಿ ಎಲ್ಲಿ?”

ನಾನು ಎಲ್ಲ ಗುಂಡಿ ಒತ್ತಿದೆ. ಮಾಳಿಗೆ ಹತ್ತಿ ಆಂಟೆನಾ ತಿರುವಿದೆ. ಇಳಿದು ಬಂದಾಗಲೂ ಅದೇ ಹಿಂದಿ.

“ಬಿಡು ಬೇ. ಈಕಿ ಛಂದ ಅದಾಳ, ಖರೆ. ಆದ್ರ ನಮಗೇನೂ ಹೇಳಾಕತ್ತಿಲ್ಲ.”

ಕುರ್ಚಿಯನ್ನು ಅವರೇ ಎತ್ತಿ ಗೋಡೆಗೆ ಹಚ್ಚಿದರು.