ಹೂವಿನ ಬುಟ್ಟಿಯ ಕಾದಂಬರಿಗಳು

ಗುಬ್ಬಿಯ ಪೇಟೆ ಬೀದಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ನೀರು ಹಾಕಿ ರಂಗೋಲಿ ಬಿಟ್ಟ ಬಾಗಿಲುಗಳ ಮುಂದೆ ನೆಲ ಇನ್ನೂ ಒದ್ದೆಯಾಗಿದೆ. ಸಿದ್ದಗಂಗಮ್ಮ ಸೊಂಟದ ಮೇಲಿನ ಬಿದಿರು ಬುಟ್ಟಿಯನ್ನು ಇಳಿಸಿ, ಹಸಿಬಟ್ಟೆ ಸರಿಸಿ, ಕನಕಾಂಬರದ ಸರವೊಂದನ್ನು ಎತ್ತುತ್ತಾರೆ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಅದಕ್ಕೆ ನಾಲ್ಕು ಬೆರಳು ಹೆಚ್ಚು ಬಿಟ್ಟು ಕತ್ತರಿಸುವುದು ಅವರ ರೂಢಿ. ಇಂದು ಸರವನ್ನು ಎಳೆದು ಹಿಡಿದದ್ದೇ ತಡ, ಹೂಗಳು ಒಂದರ ಹಿಂದೊಂದು ಜಾರಿ ರಂಗೋಲಿಯ ಮೇಲೆ ಬೀಳುತ್ತವೆ.

"ಏನ್ ಗಂಗಮ್ಮ, ನಮ್ಮನೆ ರಂಗೋಲಿಗೆ ಪೂಜೆ ಮಾಡ್ತಿದೀಯಾ?" ಎಂದು ಕಾಂಪೌಂಡರ್ ಮನೆಯಾಕೆ ನಗುತ್ತಾರೆ.

"ಅಯ್ಯೋ, ಇದು ಚಿಕ್ಕಮಾರಮ್ಮನ ಕೈ ಕಣವ್ವ. ಮುದುಕಿಗೆ ಬೆರಳಲ್ಲಿ ಬಲ ಇಲ್ಲ. ತಡಿ, ಬೇರೆ ಕೊಡ್ತೀನಿ."

ಬೇರೆ ಸರ ಕೈಗೆ ಬಂದ ಮೇಲೂ ಆಕೆ ಒಳಗೆ ಹೋಗುವುದಿಲ್ಲ. ನಡುಮನೆಯ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿ ಕೇಳುತ್ತಾರೆ: "ಹೊಸ ಬುಕ್ಕು ಬಂತಂತಲ್ಲ, ಹೆಂಗೈತೆ?"

"ಬಂತು. ಬಂದಂಗೇ ವಾಪಸ್ ಹೋಯ್ತು. ಕೈ ನಿಲ್ಲಿಲ್ಲ ಕಣವ್ವ," ಎನ್ನುತ್ತಾರೆ ಸಿದ್ದಗಂಗಮ್ಮ. ಬುಟ್ಟಿ ಮತ್ತೆ ಸೊಂಟಕ್ಕೇರುತ್ತದೆ.

'ಕೈ ನಿಲ್ಲಿಲ್ಲ' ಎಂಬ ಮಾತಿಗೆ ಗುಬ್ಬಿಯ ಹೆಂಗಸರಲ್ಲಿ ವಿವರಣೆ ಬೇಕಿಲ್ಲ. ಊರಾಚೆಯವರಿಗೆ ಬೇಕು.

ಸಿದ್ದಗಂಗಮ್ಮನವರ ತವರು ಹಾಗಲವಾಡಿ. ಅಲ್ಲಿ ನಾಲ್ಕನೇ ತರಗತಿವರೆಗೆ ಓದಿದ್ದಾರೆ. ಗಂಡ ಗುಬ್ಬಿ ರೈಲು ನಿಲ್ದಾಣದ ಮುಂದೆ ಜಟಕಾ ಹೊಡೆಯುತ್ತಿದ್ದವರು. ಅವರು ತೀರಿಕೊಂಡ ಮೇಲೆ ಈಕೆ ಹೂವಿನ ಬುಟ್ಟಿ ಹಿಡಿದರು. ಮೊದಮೊದಲು ಕೆಲವು ಮನೆಗಳಲ್ಲಿ ಬೆಳಗಿನ ಹೊತ್ತು ಇವರ ಕೈಯಿಂದ ಹೂ ತೆಗೆದುಕೊಳ್ಳಲು ಹಿಂಜರಿಯುತ್ತಿದ್ದರು. "ಬುಟ್ಟಿ ಅಲ್ಲೇ ಇಟ್ಟು ಆ ಕಡೆ ನಿಂತ್ಕೋ ಅನ್ನೋರು. ನಿಂತ್ಕೊಳ್ಳೋಳು. ಮುಡಿಯೋ ಋಣ ತೀರಿತ್ತು, ಕಟ್ಟೋ ಋಣ ತೀರಿರ್ಲಿಲ್ಲ ಬುಡಿ," ಎನ್ನುವಾಗ ಅವರ ಮುಖದಲ್ಲಿ ಯಾರ ಮೇಲೂ ಮುನಿಸಿಲ್ಲ. ಇವತ್ತು ಅದೇ ಮನೆಗಳವರು ಇವರು ಬರುವುದು ತಡವಾದರೆ ಬೀದಿಗೆ ಬಂದು ನೋಡುತ್ತಾರೆ. ಹೂವಿಗಾಗಿ ಅರ್ಧ, ಬುಟ್ಟಿಯ ಜೊತೆ ಹೆಗಲಲ್ಲಿ ತೂಗುವ ಬಟ್ಟೆಯ ಚೀಲಕ್ಕಾಗಿ ಅರ್ಧ. ಚೀಲದಲ್ಲಿರುವುದು ಹೊಸ ಕಾದಂಬರಿಗಳು.

ಇದು ಶುರುವಾದದ್ದು ಎಪ್ಪತ್ತಮೂರರಲ್ಲಿ. ತುಮಕೂರಿನಿಂದ ಖಾಸಗಿ ಬಸ್ಸಿನಲ್ಲಿ ಮಲ್ಲಿಗೆ ಮೊಗ್ಗು ಬರುತ್ತಿತ್ತು. ಮೂಟೆಯೊಳಗೆ ಸುತ್ತಿದ್ದ ಕಾಗದವೆಲ್ಲ ಅಲ್ಲಿನ ಪ್ರಕಾಶಕ ಏಕಾಂತಯ್ಯನವರ ಅಚ್ಚುಕೂಟದಲ್ಲಿ ಕೆಟ್ಟ ಹಾಳೆಗಳು. ಒಂದು ಮಧ್ಯಾಹ್ನ ಮನೆಯ ಜಗಲಿಯ ಮೇಲೆ ನೆರೆಯ ಹೆಂಗಸರ ಜೊತೆ ಹೂ ಕಟ್ಟುತ್ತಿದ್ದಾಗ ಸಿದ್ದಗಂಗಮ್ಮ ಅಂಥದೊಂದು ಹಾಳೆಯನ್ನು ಬಿಡಿಸಿ ಜೋರಾಗಿ ಓದಿದರು. ಮದುವೆ ಗೊತ್ತಾದ ಹುಡುಗಿಯೊಬ್ಬಳು ಬಾವಿಕಟ್ಟೆಯ ಹತ್ತಿರ ಯಾರಿಗಾಗಿಯೋ ಕಾಯುತ್ತಿದ್ದಾಳೆ. ಹೆಜ್ಜೆ ಸಪ್ಪಳ ಕೇಳಿ ತಿರುಗುತ್ತಾಳೆ. ಹಾಳೆ ಮುಗಿಯಿತು. ಕಟ್ಟುತ್ತಿದ್ದವರ ಕೈಗಳೆಲ್ಲ ನಿಂತೇಹೋದವು. "ಬಂದೋನು ಯಾರು?" ಎಂದರು ಚಿಕ್ಕಮಾರಮ್ಮ. ಯಾರಿಗೂ ಗೊತ್ತಿಲ್ಲ. ಮರುದಿನ ಬಸ್ಸಿನ ಕಂಡಕ್ಟರ್ ಯಲ್ಲಯ್ಯನ ಕೈಯಲ್ಲಿ ಅಚ್ಚುಕೂಟಕ್ಕೆ ಅದೇ ಪ್ರಶ್ನೆ ಹೋಯಿತು. ಏಕಾಂತಯ್ಯ ಮನಸಾರೆ ನಕ್ಕು, ಇಡೀ ಪುಸ್ತಕವನ್ನೇ ಕಳಿಸಿಕೊಟ್ಟರು.

ಅಂದಿನಿಂದ ಅವರು ಹೊಸ ಲೇಖಕಿಯ ಪುಸ್ತಕ ಅಚ್ಚಾದಾಗೆಲ್ಲ ಒಂದು ಪ್ರತಿಯನ್ನು ಗುಬ್ಬಿಯ ಜಗಲಿಗೆ ಕಳಿಸುತ್ತಾರೆ. ಹೆಸರಾದವರ ಪುಸ್ತಕ ಅಂಗಡಿಯಲ್ಲಿ ತಾನಾಗಿಯೇ ಹೋಗುತ್ತದೆ, ಹೆಸರಿಲ್ಲದವರದ್ದನ್ನು ಕೈಗೆತ್ತಿಕೊಳ್ಳುವವರಿಲ್ಲ. ಜಗಲಿಯಲ್ಲಿ ಪಕ್ಕದ ಮನೆಯ ರಂಗಲಕ್ಷ್ಮಮ್ಮ ಓದುತ್ತಾರೆ, ಉಳಿದವರು ಹೂ ಕಟ್ಟುತ್ತಾರೆ. ಎರಡು ಹೂ ಆ ಕಡೆ, ಎರಡು ಈ ಕಡೆ, ನಾರಿನ ಕುಣಿಕೆ, ಒಂದು ಎಳೆತ. ಓದು ಸಾಗುತ್ತಿರುವಾಗ ಕೈಗಳು ನಿಂತರೆ ಪುಸ್ತಕ ಗೆದ್ದಂತೆ. ನಿಲ್ಲದಿದ್ದರೆ ಮರಳಿ ತುಮಕೂರಿಗೆ. ಗೆದ್ದ ಪುಸ್ತಕ ಚೀಲ ಸೇರಿ ಮನೆಮನೆಗೂ ಹೋಗುತ್ತದೆ, ಯಲ್ಲಯ್ಯನ ಬಸ್ಸಿನಲ್ಲಿ ಕುಣಿಗಲ್ಲಿಗೂ ಹೋಗುತ್ತದೆ.

ಸಿದ್ದಗಂಗಮ್ಮ ಪುಸ್ತಕವನ್ನು ಕೊಳ್ಳಿ ಎಂದು ಯಾರಿಗೂ ಹೇಳುವುದಿಲ್ಲ. ಹೊಸಲಲ್ಲಿ ನಿಂತು, ಹೂ ಅಳೆಯುತ್ತ, ಹಳ್ಳಿಯ ಕಟ್ಟೆಯಲ್ಲಿ ಕಥೆ ಹೇಳುವವರ ಹಾಗೆ ಶುರುಮಾಡುತ್ತಾರೆ. ಮುಖ್ಯವಾದ ಕಡೆಗೆ ಬಂದು ನಿಲ್ಲಿಸಿ, "ಮಿಕ್ಕಿದ್ದು ಇದ್ರೊಳಗೈತೆ" ಎಂದು ಚೀಲ ಮುಟ್ಟಿ ತೋರಿಸುತ್ತಾರೆ. ಒಮ್ಮೆ ಒಂದು ಮನೆಯ ಅತ್ತೆ ಬಾಗಿಲಿಗೆ ಅಡ್ಡ ನಿಂತರಂತೆ: "ಹೂ ಮಾರೋಳು ಹೂ ಮಾರು. ನಮ್ಮ ಸೊಸೆ ತಲೆ ಕೆಡಿಸಬೇಡ." ಸಿದ್ದಗಂಗಮ್ಮ ಜಗಳಕ್ಕೆ ಹೋಗಲಿಲ್ಲ. ದಿನವೂ ಆ ಅತ್ತೆಗೇ ಒಂದಿಷ್ಟು ಕಥೆ ಹೇಳಿದರು. ಅತ್ತೆಗೆ ಓದು ಬರದು, ಮುಂದಿನದು ತಿಳಿಯದೆ ಇರಲಾಗದು. ಕೊನೆಗೆ ಅವರೇ ಸೊಸೆಯನ್ನು ಕರೆದರು: "ಪಾತ್ರೆ ಆಮೇಲೆ ತೊಳೆಯುವಂತೆ, ಬಾರೆ ಇಲ್ಲಿ, ಕೂತ್ಕೊಂಡು ಓದು." ಹಗಲು ಹೊತ್ತು ಆ ಮನೆಯಲ್ಲಿ ಸೊಸೆ ಕೂತದ್ದು ಅದೇ ಮೊದಲು ಎಂದು ಸಿದ್ದಗಂಗಮ್ಮ ನೆನೆದು ನಗುತ್ತಾರೆ.

ನಿನ್ನೆ ಜಗಲಿಗೆ ಬಂದದ್ದು 'ನೀರು ಕಾದಿದೆ' ಎಂಬ ಕಾದಂಬರಿ. ಬರೆದವರು ಅಮೃತೂರಿನ ಮಹಾಲಕ್ಷ್ಮಮ್ಮ, ಶಾಲೆಯ ಮೇಡಂ. ಇದು ಅವರ ಮೊದಲ ಪುಸ್ತಕ. ಅಂಗಡಿಯವರು ಮುಟ್ಟಲಿಲ್ಲ, ಪ್ರತಿಗಳು ಕಟ್ಟು ಬಿಚ್ಚದೆ ಬಿದ್ದಿವೆ. ಎರಡನೆಯ ಕಾದಂಬರಿಯನ್ನೂ ಬರೆದು ಕೊಟ್ಟಿದ್ದಾರೆ. ಗುಬ್ಬಿಯವರೂ ಒಲ್ಲೆ ಎಂದರೆ ಅದನ್ನು ಅಚ್ಚು ಮಾಡದೆ ಹಿಂದಿರುಗಿಸುವುದಾಗಿ ಏಕಾಂತಯ್ಯ ಹೇಳಿ ಕಳಿಸಿದ್ದಾರೆ. ಹಿಂದಿರುಗಿ ಬಂದರೆ ನೀರೊಲೆಗೆ ಹಾಕಿ, ಇನ್ನು ಪೆನ್ನು ಮುಟ್ಟುವುದಿಲ್ಲ ಎಂದು ಮೇಡಂ ಹೇಳಿದ್ದಾರಂತೆ. ಈ ಮಾತನ್ನೂ ಯಲ್ಲಯ್ಯನೇ ತಂದು ಮುಟ್ಟಿಸಿದ್ದಾನೆ.

ಕಥೆ ಸಣ್ಣದು. ತುಂಬಿದ ಮನೆಗೆ ಸೊಸೆಯಾಗಿ ಬಂದ ಹುಡುಗಿಗೆ ಗಂಡನ ಜೊತೆ ಮಾತಾಡಲು ಜಾಗವಿಲ್ಲ, ಹೊತ್ತೂ ಇಲ್ಲ. ಎಲ್ಲರೆದುರು ಅವನಿಗೆ ಅವಳು ಹೇಳಬಹುದಾದ ಮಾತು ಒಂದೇ: ನೀರು ಕಾದಿದೆ. ಆ ಒಂದೇ ಮಾತಿನಲ್ಲಿ ಅವಳ ಸಿಟ್ಟು, ನಾಚಿಕೆ, ಒಲವು ಎಲ್ಲವನ್ನೂ ಅವನು ನಿಧಾನವಾಗಿ ಕೇಳಿಸಿಕೊಳ್ಳಲು ಕಲಿಯುತ್ತಾನೆ. ಯಾರೂ ಸಾಯುವುದಿಲ್ಲ. ಯಾರೂ ಮನೆ ಬಿಟ್ಟು ಓಡುವುದಿಲ್ಲ.

ರಂಗಲಕ್ಷ್ಮಮ್ಮ ಓದಿದರು. ಕೈಗಳು ಒಂದು ಗಳಿಗೆಯೂ ನಿಲ್ಲಲಿಲ್ಲ. ಹೊತ್ತು ಇಳಿಯುವ ಮೊದಲೇ ಹೂವೆಲ್ಲ ಕಟ್ಟಿ ಮುಗಿದಿತ್ತು.

"ಒಂದು ತೊಟ್ಟು ಕಣ್ಣೀರಿಲ್ವಲ್ಲೇ," ಎಂದರು ಚಿಕ್ಕಮಾರಮ್ಮ.

ಸಿದ್ದಗಂಗಮ್ಮ ಪುಸ್ತಕವನ್ನು ಸ್ವಲ್ಪ ಹೊತ್ತು ಮಡಿಲಲ್ಲಿಟ್ಟುಕೊಂಡು ಕೂತರು. ಅಮೃತೂರಿನ ನೀರೊಲೆ ಅವರ ಕಣ್ಣ ಮುಂದಿತ್ತು. ಆದರೂ ಪುಸ್ತಕವನ್ನು ಬಸ್ ಸ್ಟ್ಯಾಂಡಿಗೆ ಒಯ್ದು ಯಲ್ಲಯ್ಯನಿಗೆ ಕೊಟ್ಟುಬಂದರು. "ಪಾಪ ಅಂತ ಒಂದು ಪುಸ್ತಕ ದಾಟಿಸ್ಬೋದು. ಆಮೇಲೆ ನನ್ನ ಮಾತು ಯಾರು ನಂಬ್ತಾರೆ? ಮುಂದೆ ಬರೋ ಹೆಣ್ಮಕ್ಳ ಪುಸ್ತಕ ಎಲ್ಲಾ ನನ್ನಿಂದ ಕೆಟ್ಟೋಗ್ತವೆ," ಎಂಬುದು ಅವರ ಲೆಕ್ಕ. ರಾತ್ರಿ ಗುಬ್ಬಿಯಲ್ಲೇ ತಂಗುವ ಬಸ್ಸು ಬೆಳಿಗ್ಗೆ ತುಮಕೂರಿಗೆ ಹೊರಡುತ್ತದೆ.

ಈಗ ಅದೇ ಬೆಳಿಗ್ಗೆ. ಎರಡನೆಯ ಮನೆಯಲ್ಲೂ ಸರ ಉದುರುತ್ತದೆ. ಸಿದ್ದಗಂಗಮ್ಮನ ಹುಬ್ಬು ಗಂಟಿಕ್ಕುತ್ತದೆ. ಬೀದಿಯ ಕೊನೆಯ ಆಂಜನೇಯನ ಗುಡಿಗೆ ನಡೆಯುತ್ತಾರೆ. ಸ್ವಾಮಿಯ ಸರ ಬೆಳಕಿಗೆ ಮುಂಚೆಯೇ ಇಲ್ಲಿಗೆ ಬಂದಿದೆ. ಅದನ್ನು ಬೇರೆ ಯಾರ ಕೈಗೂ ಬಿಡದೆ ಅವರೇ ಕಟ್ಟುತ್ತಾರೆ.

ಗುಡಿಯಲ್ಲಿ ಗಂಡಹೆಂಡಿರಿಬ್ಬರು ಕೈಮುಗಿದು ನಿಂತಿದ್ದಾರೆ. ಮಗಳಿಗೆ ಕುಣಿಗಲ್ ಕಡೆಯ ಸಂಬಂಧ ಬಂದಿದೆ. ಸ್ವಾಮಿಯ ಅಪ್ಪಣೆ ಕೇಳಲು ಬಂದಿದ್ದಾರೆ. ಮೂರ್ತಿಯ ಬಲಗಡೆಯಿಂದ ಹೂ ಬಿದ್ದರೆ ಆಗಲಿ ಎಂದು, ಎಡಗಡೆಯಿಂದ ಬಿದ್ದರೆ ಬೇಡ ಎಂದು. ಅರ್ಚಕರು ಸಿದ್ದಗಂಗಮ್ಮನನ್ನು ಕಂಡದ್ದೇ ಗರ್ಭಗುಡಿಯಿಂದ ಹೊರಗೆ ಬರುತ್ತಾರೆ.

"ಏನಮ್ಮ ಗಂಗಮ್ಮ! ಸ್ವಾಮಿ ಬಲಕ್ಕೂ ಕೊಡ್ತಾನೆ, ಎಡಕ್ಕೂ ಕೊಡ್ತಾನೆ, ಬಾಲದ ಮೇಲಿಂದ್ಲೂ ಕೊಡ್ತಾನೆ. ಇವ್ರಿಗೆ ನಾನು ಏನಂತ ಹೇಳ್ಲಿ?"

ಸಿದ್ದಗಂಗಮ್ಮ ಹತ್ತಿರ ಹೋಗಿ ನೋಡುತ್ತಾರೆ. ಸ್ವಾಮಿಯ ಪಾದದ ಸುತ್ತ ಹೂ ಹರಡಿದೆ, ಎದೆಯ ಮೇಲೆ ಬರೀ ನಾರು ತೂಗುತ್ತಿದೆ. ಕುಣಿಕೆಗಳೆಲ್ಲ ಇವೆ, ಕೊನೆಯ ಎಳೆತ ಮಾತ್ರ ಎಲ್ಲೂ ಬಿದ್ದಿಲ್ಲ. ಇದು ಚಿಕ್ಕಮಾರಮ್ಮನ ಮುಪ್ಪಿನ ಕೈಯಲ್ಲ. ತಮ್ಮದೇ ಕೈ.

ಅವರು ಕಂಬಕ್ಕೆ ಒರಗಿ ಕೂರುತ್ತಾರೆ. ಬೀದಿಯಲ್ಲಿ ಹಾಲಿನವನ ಸೈಕಲ್ ಗಂಟೆ ಕೇಳಿ ಮರೆಯಾಗುತ್ತದೆ. ಆಮೇಲೆ, ಯಾರಿಗೆಂದಲ್ಲ, ತಮಗೇ ಹೇಳಿಕೊಳ್ಳುವಂತೆ ಮಾತು ಬರುತ್ತದೆ.

"ಆ ಹುಡುಗಿ ಪುಸ್ತಕದ ತುಂಬ ಕೆಲಸ ಮಾಡ್ಕಂಡೇ ಇರ್ತಾಳೆ. ನೀರು ಸೇದ್ತಾಳೆ, ಒಲೆ ಹಚ್ತಾಳೆ. ಅವಳ ಜೊತೆ ನಾವೂ ಮಾಡ್ಕಂಡೇ ಇದ್ವಿ. ಕೈ ಎಲ್ಲಿ ನಿಲ್ತದೆ? ಕೈ ನಡೀತಿತ್ತು, ನಾವು ಜಗಲೀಲಿರ್ಲಿಲ್ಲ, ಬುಕ್ಕಿನೊಳಗಿದ್ವಿ." ಥಟ್ಟನೆ ಎದ್ದು ನಿಲ್ಲುತ್ತಾರೆ. "ಅಯ್ಯೋ ಶಿವನೇ, ಬಸ್ಸು!"

ಹೆಣ್ಣಿನ ತಂದೆ ಅಡ್ಡ ಬರುತ್ತಾರೆ: "ತಾಯಿ, ನಮ್ಮ ವಿಚಾರ?"

"ಸ್ವಾಮಿದು ತಪ್ಪಿಲ್ಲ ಕಣಣ್ಣ, ನಂದು. ನಾಳೆ ಬಿಗಿಯಾಗಿ ಕಟ್ಕೊಂಡು ಬರ್ತೀನಿ, ನಾಳೆ ಕೇಳಿ," ಎನ್ನುತ್ತಲೇ ಅವರು ಮೆಟ್ಟಿಲಿಳಿದಾಗಿದೆ.

ಸಿದ್ದಗಂಗಮ್ಮ ಓಡುವ ವಯಸ್ಸಿನವರಲ್ಲ. ಆದರೂ ಬುಟ್ಟಿಯನ್ನು ಸೊಂಟದಲ್ಲಿಟ್ಟುಕೊಂಡು ಓಡುತ್ತಾರೆ. ದಾರಿಯುದ್ದಕ್ಕೂ ಕನಕಾಂಬರ ಉದುರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಯಲ್ಲಯ್ಯ ಫುಟ್‌ಬೋರ್ಡಿನ ಮೇಲೆ ನಿಂತು ಸೀಟಿ ಬಾಯಿಗಿಟ್ಟಿದ್ದಾನೆ.

"ಯಲ್ಲಯ್ಯಾ! ಹೊಡೀಬೇಡ ಕಣೋ ಸೀಟಿ!"

"ಏನಕ್ಕ, ತುಮಕೂರಿಗಾ? ಹತ್ತು, ಸೀಟ್ ಐತೆ."

"ನಾನಲ್ಲ. ನಿನ್ನೆ ಕೊಟ್ಟ ಬುಕ್ಕು ವಾಪಸ್ ಕೊಡು."

"ಕೊಟ್ಟಿದ್ದು ನೀನೇ, ಕೇಳೋದೂ ನೀನೇ. ಇದೇನು ಬಸ್ಸೋ, ನಿನ್ನ ಬೀರುನೋ?" ಎಂದು ಗೊಣಗುತ್ತಲೇ ಆತ ಡ್ರೈವರ್ ಸೀಟಿನ ಹಿಂದಿನಿಂದ ಪುಸ್ತಕ ತೆಗೆದುಕೊಡುತ್ತಾನೆ. "ಏಕಾಂತಯ್ಯನೋರು ಕೇಳಿದ್ರೆ ಏನನ್ಲಿ?"

ಸಿದ್ದಗಂಗಮ್ಮ ಬುಟ್ಟಿಯಿಂದ ಒಂದು ಸರ ತೆಗೆದು ಅವನ ಕೈಗಿಡುತ್ತಾರೆ. "ಇದನ್ನ ಕೊಡು. ಬುಕ್ಕು ಕೇಳ್ತಾ ಕಟ್ಟಿದ್ದು, ನನ್ನ ಕೈದು ಅನ್ನು. ಎಳೆದು ನೋಡ್ಲಿ. ಅಮೃತೂರಮ್ಮನ ಎರಡನೇದನ್ನ ವಾಪಸ್ ಕಳಿಸ್ಬೇಡಿ ಅಂದ್ಲು ಅನ್ನು."

"ಉದುರೋ ಹೂವ ಕೊಟ್ಟು ಮೆಚ್ಚಿದೀನಿ ಅಂತೀಯಲ್ಲಕ್ಕ, ನಿನಗೇನು ಬಂತು?"

"ನಿನ್ನ ಹೆಂಡ್ರಿಗೆ ಈ ಪುಸ್ತಕ ಓದ್ಸು. ಆಮೇಲೆ ಅವಳು ನೀರು ಕಾದಿದೆ ಅಂದಾಗ ಸರಿಯಾಗಿ ಕೇಳಿಸ್ಕೋ. ಆವಾಗ ನನ್ನ ಕೇಳು."

ಬಸ್ಸಿನಲ್ಲಿದ್ದ ಹೆಂಗಸರು ನಗುತ್ತಾರೆ. ಸೀಟಿ ಊದಿದ ಯಲ್ಲಯ್ಯನ ಮುಖ ಕೆಂಪಾಗಿದೆ.

ಉತ್ತರ ಸಂಜೆಯ ಬಸ್ಸಿನಲ್ಲಿ ಬರುತ್ತದೆ. ಏಕಾಂತಯ್ಯ ಸರವನ್ನು ಎಳೆದು ನೋಡಿದರಂತೆ. ಮೇಜಿನ ಮೇಲೆ ಉದುರಿದ ಹೂಗಳನ್ನು ಆಯ್ದು ದೇವರ ಪಟದ ಮುಂದಿಟ್ಟು, ಎರಡನೆಯ ಕಾದಂಬರಿಗೆ ಅಚ್ಚಿನ ಮೊಳೆ ಜೋಡಿಸಲು ಹೇಳಿದರಂತೆ. ಮಾತಿಗೆ ಸಾಕ್ಷಿಯಾಗಿ ಕಟ್ಟು ಬಿಚ್ಚಿದ 'ನೀರು ಕಾದಿದೆ' ಪ್ರತಿಗಳು ಯಲ್ಲಯ್ಯನ ಹೆಗಲ ಮೇಲೆ ಇಳಿಯುತ್ತವೆ. ಚಿಕ್ಕಮಾರಮ್ಮ ಒಂದನ್ನು ಕೈಗೆತ್ತಿಕೊಂಡು, ಓದಲು ಬಾರದಿದ್ದರೂ ತಿರುವಿ ಹಾಕಿ, "ಬೆಳಿಗ್ಗೆ ನನ್ನ ಬೆರಳಲ್ಲಿ ಬಲ ಇಲ್ಲ ಅಂದ್ಯಂತೆ?" ಎಂದು ಸಿದ್ದಗಂಗಮ್ಮನನ್ನು ದಿಟ್ಟಿಸುತ್ತಾರೆ.

"ತಪ್ಪಾಯ್ತು ಕಣಜ್ಜಿ. ನನ್ನ ಬೆರಳಲ್ಲೂ ಇರ್ಲಿಲ್ಲ."

ಮರುದಿನ ಬೆಳಗಿನ ಸರ ಬಿಗಿಯಾಗಿದೆ. ಆಂಜನೇಯ ಬಹಳ ಹೊತ್ತು ಕಾಯಿಸಿ, ಒಂದೇ ಒಂದು ಹೂವನ್ನು ಬಲಕ್ಕೆ ಕೊಡುತ್ತಾನೆ. ಹೆಣ್ಣಿನ ತಾಯಿ ಕಣ್ಣೊರೆಸಿಕೊಳ್ಳುತ್ತಾರೆ. ಕಾಂಪೌಂಡರ್ ಮನೆಯ ಹೊಸಲಲ್ಲಿ ಸಿದ್ದಗಂಗಮ್ಮ ಮೊಳ ಅಳೆಯುತ್ತ ಶುರುಮಾಡುತ್ತಾರೆ: "ಒಂದು ತುಂಬಿದ ಮನೆ ಕಣವ್ವ. ಆ ಮನೆಗೆ ಒಬ್ಬಳು ಸೊಸೆ ಬರ್ತಾಳೆ…"

ಅಮೃತೂರಿನ ಮೇಡಂ ಅವರನ್ನು ಸಿದ್ದಗಂಗಮ್ಮ ಇದುವರೆಗೂ ಕಂಡಿಲ್ಲ. ಕಂಡರೆ ಏನು ಕೇಳುತ್ತೀರಿ ಎಂದರೆ, ಏನೂ ಇಲ್ಲ ಎಂದು ತಲೆಯಾಡಿಸುತ್ತಾರೆ. ಮುಂದಿನ ಮನೆಯ ದಾರಿಯಲ್ಲಿ, ಬುಟ್ಟಿಯನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸುತ್ತ, ತಾವಾಗಿಯೇ ಹೇಳುತ್ತಾರೆ:

"ಎಲ್ಲಾ ಪುಸ್ತಕದಾಗೂ ಹೂವಿನೋಳು ಬರ್ತಾಳೆ. ಬಾಗ್ಲಿಗೆ ಬಂದು ಹೂ ಕೊಡ್ತಾಳೆ, ಹೋಗ್ತಾಳೆ. ಕಥೆ ಆ ಮನೆಯೊಳಕ್ಕೇ ಹೋಗ್ಬುಡ್ತದೆ. ಆ ಅಮ್ಮ ಮೂರನೇದು ಬರೆಯೋವಾಗ ಒಂದೇ ಒಂದ್ಸಲ ಕಥೆ ಒಳಕ್ಕೆ ಹೋಗದಂಗೆ, ಹೂವಿನೋಳ ಜೊತೆ ಮುಂದಿನ ಮನೆಗೆ ಬರ್ಲಿ. ಅಷ್ಟೇಯ."