ಒಂದೇ ಚುಕ್ಕೆಯೊಳಗೆ ಇಬ್ಬರು

ಓಯ್, ಆಚೆ ಬದಿಯಲ್ಲಿ ಬಸ್ಸಿಗೆ ನಿಂತವರೇ! ಬಸ್ಸು ಬರಲಿಕ್ಕೆ ಇನ್ನೂ ಹೊತ್ತುಂಟು, ನರ್ಮದಾ ಮೇಡಂ ಕತೆ ಕೇಳಿ ಮಾರಾಯ್ರೇ!

ಎಂಬತ್ತೈದನೇ ಇಸವಿ. ಉಡುಪಿಯ ಒಂದು ಕಾಲೇಜಿನಲ್ಲಿ ನರ್ಮದಾ ಭೂಗೋಳ ಕಲಿಸುತ್ತಿದ್ದರು. ಮಾತು ಚೂರಿ, ನಗು ಅಪರೂಪ. ಆ ವರ್ಷ ಜಗಳ ಮಾಡಿಯೇ ದೂರಸಂವೇದಿ ಎಂಬ ಹೊಸ ಪಾಠ ಹಿಡಿದಿದ್ದರು. ಉಪಗ್ರಹ ಮೇಲಿಂದ ನೆಲವನ್ನು ಹೇಗೆ ನೋಡುತ್ತದೆ, ನೋಡಿದ್ದು ನಮಗೆ ಯಾವ ಕೆಲಸಕ್ಕೆ ಬರುತ್ತದೆ ಎಂಬ ಪಾಠ. ವಿಭಾಗದ ಮುಖ್ಯಸ್ಥ ವಿಷ್ಣುಮೂರ್ತಿಯವರಿಗೆ ಅದನ್ನು ಕಂಡರಾಗದು.

"ನೆಲದ ಪಾಠಕ್ಕೆ ಆಕಾಶ ಯಾಕಮ್ಮ? ಮಕ್ಕಳನ್ನು ಊರು ಸುತ್ತಿಸ್ತೀರಂತೆ, ಸುತ್ತಿಸಿ. ಒಂದೇ ಒಂದು ದೂರು ಬರ್ಲಿ, ಪಾಠ ಬಂದ್."

"ಬರುವುದಿಲ್ಲ ಸರ್," ಎಂದರು ನರ್ಮದಾ, ಹಲ್ಲು ಕಚ್ಚಿಕೊಂಡು.

ಚಿತ್ರದಲ್ಲಿ ಕಂಡದ್ದು ನೆಲದಲ್ಲಿ ಉಂಟೋ ಎಂದು ನಡೆದು ನೋಡದಿದ್ದರೆ ಆ ವಿದ್ಯೆ ಅರ್ಧವೇ. ಹಾಗಾಗಿ ಮಕ್ಕಳನ್ನು ಕಟ್ಟಿಕೊಂಡು ಶಂಕರಪುರದಲ್ಲಿ ಬಸ್ಸಿಳಿದರು. ಮಲ್ಲಿಗೆ ತೋಟದ ಬೇಲಿಯಲ್ಲಿ ಎಸ್ತರ್ ಬಾಯಿ ಅಡ್ಡ ನಿಂತಿದ್ದಳು. ಪಕ್ಕದ ತೋಟದ ದೂಮಪ್ಪನಿಗೂ ಅವಳಿಗೂ ಬಾವಿಯ ನೀರಿನ ವಿಷಯದಲ್ಲಿ ಹಾವು ಮುಂಗುಸಿ.

"ಎಂತಕ್ಕೆ ಬಂದದ್ದು ನೀವೆಲ್ಲ?"

"ದೂರಸಂವೇದಿ, ಬಾಯಮ್ಮ," ಎಂದರು ನರ್ಮದಾ.

"ದೂರಾ? ನನ್ನ ಮೇಲೆಯಾ? ಕೊಟ್ಟದ್ದು ಆ ದೂಮಪ್ಪ ಅಲ್ವಾ?"

ಮಕ್ಕಳು ಕಿಸಕ್ಕೆಂದರು. ಅವರಲ್ಲೊಬ್ಬ ಅಲೋಶಿಯಸ್, ಸಮಾಧಾನ ಮಾಡಲು ಹೋಗಿ ಸುರುಳಿ ಬಿಚ್ಚಿದ. ಉಪಗ್ರಹದ ಚಿತ್ರ. ಕಾಪುವಿನ ಕಡಲು ಕಪ್ಪು, ಕಾರ್ಕಳದ ಬಂಡೆ ಬೂದುನೀಲಿ, ನಡುವೆ ಇದ್ದದ್ದೆಲ್ಲ ಕೆಂಪೋ ಕೆಂಪು.

"ಅಯ್ಯೋ ದೇವರೇ, ತೋಟಕ್ಕೆ ಕೆಂಪು ಗುರುತು ಹಾಕಿಯೇ ಬಂದಿದ್ದಾರೆ! ಜಾಗ ಹೊಡೀಲಿಕ್ಕೆ!"

"ಕೆಂಪು ಅಂದ್ರೆ ಹಸಿರು!" ನರ್ಮದಾ ಸ್ವರ ಏರಿಸಿದರು.

"ಕೆಂಪು ಅಂದ್ರೆ ಹಸಿರಾ? ಮಕ್ಕಳೇ, ನಿಮ್ಮ ಟೀಚರಿನ ಕಣ್ಣು ಸರಿ ಉಂಟಾ?"

"ನಿಮ್ಮ ಕಣ್ಣಿಗೂ ಕಾಣದ ಒಂದು ಬೆಳಕುಂಟು ಬಾಯಮ್ಮ. ಸೊಂಪಾದ ಎಲೆ ಅದನ್ನು ಜೋರಾಗಿ ಹಿಂದೆ ಎಸೀತದೆ. ಉಪಗ್ರಹ ಅದನ್ನು ಹಿಡೀತದೆ. ನಮಗೆ ಕಾಣಲಿ ಅಂತ ಅದಕ್ಕೆ ಕೆಂಪು ಬಣ್ಣ ಕೊಡುವುದು. ಗಿಡ ಸೊರಗಿದರೆ ಕೆಂಪು ಮಾಸ್ತದೆ. ಎಲ್ಲಿ ಬೆಳೆ ಸಾಯ್ತಾ ಉಂಟು ಅಂತ ಹಾಗೆ ಗೊತ್ತಾಗುವುದು."

ಎಸ್ತರ್ ಬಾಯಿ ಚಿತ್ರಕ್ಕೆ ಮೂಗು ತಾಗಿಸಿದಳು. "ಹಾಗಾದ್ರೆ ನನ್ನ ತೋಟ ಯಾವುದು? ತೋರ್ಸಿ."

"ಎಲ್ಲಿಯಾದ್ರೂ ಬೆರಳಿಡಿ ಮೇಡಂ, ಹೋಗುವ," ಎಂದು ಇನ್ನೊಬ್ಬ ಹುಡುಗ ಕುಂಞಿ ಮೊಹಮ್ಮದ್ ಹಿಂದಿನಿಂದ ಪಿಸುಗುಟ್ಟಿದ. ಬೆರಳಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮಕ್ಕಳ ಎದುರಲ್ಲಿ ಪಾಠವನ್ನೇ ಸುಳ್ಳು ಮಾಡಲು ನರ್ಮದಾರಿಗೆ ಕೈ ಬರಲಿಲ್ಲ.

"ಕಾಣುವುದಿಲ್ಲ. ಒಂದೂವರೆ ಎಕರೆಗೆ ಒಂದೇ ಚುಕ್ಕೆ. ನಿಮ್ಮದು, ಪಕ್ಕದವರದು, ಎಲ್ಲ ಸೇರಿ ಒಂದು."

ಎಸ್ತರ್ ಬಾಯಿಯ ಮುಖ ಕೆಂಡವಾಯಿತು. "ನಾನೂ ಆ ದೂಮಪ್ಪನೂ ಒಂದೇ ಚುಕ್ಕೆಯಾ? ಇನ್ನೊಮ್ಮೆ ಹೇಳಿ ನೋಡುವ!"

ನರ್ಮದಾ ಇನ್ನೊಮ್ಮೆ ಹೇಳಿದರು.

ಅವರು ಹತ್ತಿದ ಬಸ್ಸನ್ನೇ ಎಸ್ತರ್ ಬಾಯಿ ಹತ್ತಿದಳು. ಉಡುಪಿಯವರೆಗೆ ಬಾಯಿ ನಿಲ್ಲಲಿಲ್ಲ. ನೇರ ವಿಷ್ಣುಮೂರ್ತಿಯವರ ಕೋಣೆಗೆ ನುಗ್ಗಿ, "ಈ ಟೀಚರು ನನ್ನನ್ನು ದೂಮಪ್ಪನ ಜೊತೆ ಹಾಕಿದ್ದಾರೆ!" ಎಂದು ಕಿರುಚಿದಳು.

ವಿಷ್ಣುಮೂರ್ತಿಯವರಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಬೀಳಲಿಲ್ಲ. "ದೂರು ಬಂತಲ್ಲ ನರ್ಮದಾ? ನಾಳೆಯಿಂದ ಆ ಪಾಠ ಇಲ್ಲ."

"ಕಾಲೇಜಲ್ಲಿ ಇಲ್ಲ," ಎಂದು ನರ್ಮದಾ ಹೊರಬಂದರು.

ಜಗಲಿಯಲ್ಲಿ ಮಕ್ಕಳು ಕಾದಿದ್ದರು. ಅಲೋಶಿಯಸ್ ಕೇಳಿದ: "ಪರೀಕ್ಷೆಗೆ ಬರುವುದಿಲ್ಲ ಅಲ್ವಾ ಮೇಡಂ ಇನ್ನು?"

"ಬರುವುದಿಲ್ಲ. ಬೇಡದವರು ಬರಬೇಡಿ. ಬೇಕಾದವರು ನಾಳೆ ಬೆಳಗ್ಗೆ ಮಣಿಪಾಲಕ್ಕೆ, ನನ್ನ ಮನೆಗೆ. ತಡವಾದ್ರೆ ಬಾಗಿಲು ತೆರೆಯುವುದಿಲ್ಲ."

ನರ್ಮದಾ ಮಣಿಪಾಲದ ಬಾಡಿಗೆ ಮನೆ ಸೇರಿ, ಸೆರಗು ಸಿಕ್ಕಿಸಿ, ಮುಂದಿನ ಕೋಣೆಯ ಮಂಚವನ್ನು ಒಬ್ಬರೇ ದರದರ ಎಳೆದು ಅಡುಗೆಮನೆಗೆ ಹಾಕಿದರು.