ನಾನು ಅಳಿಸಿದ ಮುಯ್ಯಿಯ ಷರತ್ತು

ಬಸಮ್ಮ ಅಕ್ಕೋರೇ, ಆ ಷರತ್ತನ್ನು ತೆಗೆದುಹಾಕಿದವನು ನಾನೇ. ಅದು ಮೊದಲಿನಿಂದಲೂ ಇರಲಿಲ್ಲ ಎಂದು ನಿಮಗೆ ಹೇಳಿದ್ದು ಸುಳ್ಳು. ಇಷ್ಟು ವರ್ಷ ಈ ಎರಡು ಮಾತು ಮುಚ್ಚಿಟ್ಟುಕೊಂಡಿದ್ದೆ — ಇವತ್ತು ಹೇಳಿಬಿಡುತ್ತೇನೆ.

ಗಂಗಾವತಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ನಾನು, ಕನ್ನಡ ಬರಹವನ್ನು ಗಟ್ಟಿಯಾಗಿ ಓದುವ ಒಂದು ಮುಕ್ತ ತಂತ್ರಾಂಶ ಬರೆಯುತ್ತಿದ್ದೆ. ಅದಕ್ಕೊಂದು ದನಿ ಬೇಕಿತ್ತು. ತಳಕಲ್ ಶಾಲೆಯಲ್ಲಿ ಕಲಿಸುತ್ತಿದ್ದ ನೀವು, ಕಣ್ಣು ಕಳೆದುಕೊಂಡ ನಿಮ್ಮ ಯಜಮಾನರಿಗೆ ದಿನಾ ಪತ್ರಿಕೆ ಓದಿ ಹೇಳುತ್ತಿದ್ದಿರಿ. ಹಾಗಾಗಿ ದನಿ ಕೊಡಿ ಎಂದು ನಿಮ್ಮನ್ನೇ ಕೇಳಿದೆ. ರೆಕಾರ್ಡಿಂಗಿನಲ್ಲಿ ಬೇರೆ ಸದ್ದು ಬಾರದಿರಲೆಂದು ಫ್ಯಾನು ಆರಿಸಿ, ಎಮ್ಮೆಯನ್ನು ಪಕ್ಕದವರ ಹಿತ್ತಲಲ್ಲಿ ಕಟ್ಟಿಸಿ, ಬೇಸಿಗೆ ರಜೆಯುದ್ದಕ್ಕೂ ಬೆವರುತ್ತ ವಾಕ್ಯದ ಮೇಲೆ ವಾಕ್ಯ ಓದಿದಿರಿ.

ಮೊದಲ ದಿನವೇ ಕೇಳಿದ್ದಿರಿ — "ಇದು ಕಡೀಕ ಯಾರದಾಗತೈತಿ?"

ತಂತ್ರಾಂಶವನ್ನು ಯಾರು ಹೇಗೆ ಬಳಸಬಹುದೆಂದು ಹೇಳುವ ಪರವಾನಗಿಯ ಇಂಗ್ಲಿಷ್ ಪುಟಗಳನ್ನು ಹೇಗೆ ಬಿಡಿಸಿ ಹೇಳಲಿ? ಹೊಲದ ಮಾತಿನಲ್ಲಿ ಹೇಳಿದೆ. "ಮುಯ್ಯಾಳು ಇದ್ದಂಗ ನೋಡ್ರಿ. ಇವತ್ತು ನೀವು ಅವರ ಹೊಲದಾಗ ಕಳೆ ತಗದ್ರ, ನಾಳೆ ಅವರು ನಿಮ್ಮ ಹೊಲಕ್ಕ ಬರಬೇಕು. ಇದರ ಮ್ಯಾಲ ಯಾರು ಏನ ಕಟ್ಟಿ ಕೊಟ್ರೂ, ಅದನ್ನ ಎಲ್ಲಾರಿಗೂ ಬಿಟ್ಟುಕೊಡಬೇಕು."

"ಹಂಗಾದ್ರ ಛಲೋ ಆತು. ಮುಯ್ಯಿ ತಪ್ಪಿಸಿದವನ ಹೊಲಕ್ಕ ನಮ್ಮೂರಾಗ ಯಾರೂ ಕಾಲಿಡಂಗಿಲ್ಲ" ಎಂದು ನಕ್ಕಿರಿ.

ಆಮೇಲೆ ಒಂದು ಕಂಪನಿಯವರು ಬಂದರು. ತಾವು ಸೇರಿಸುವ ಭಾಗವನ್ನು ತಮ್ಮಲ್ಲೇ ಇಟ್ಟುಕೊಳ್ಳಲು ಬಿಟ್ಟರೆ ಮಾತ್ರ ಬಳಸುತ್ತೇವೆ ಎಂದರು. ಅಂಥ ದೊಡ್ಡವರು ನನ್ನ ಕೆಲಸ ಹುಡುಕಿಕೊಂಡು ಬಂದರಲ್ಲ — ಅಷ್ಟಕ್ಕೇ ಹಿಗ್ಗಿಬಿಟ್ಟೆ. ದನಿ ನಿಮ್ಮದಾದ್ದರಿಂದ ಪರವಾನಗಿ ಬದಲಿಸಲು ನಿಮ್ಮ ಒಪ್ಪಿಗೆಯೂ ಬೇಕಿತ್ತು. "ಒಂದು ಸಣ್ಣ ತಿದ್ದುಪಡಿ ಐತ್ರಿ" ಎಂದೆ ಫೋನಿನಲ್ಲಿ.

"ನೀ ಓದಿ ನೋಡಿದಿಲ್ಲೋ? ಮತ್ಯಾಕ ಕೇಳ್ತಿ? ಹೂಂ ಅಂದ್ಲು ಅಂತ ಬರಕೋ."

ಬರೆದುಕೊಂಡೆ, ಷರತ್ತು ಅಳಿಸಿದೆ. ಮುಯ್ಯಿಯ ಮಾತು ಎತ್ತಲೇ ಇಲ್ಲ.

ಯಜಮಾನರ ಕಂಪ್ಯೂಟರಿಗೆ ನಾನು ಹಾಕಿಕೊಟ್ಟಿದ್ದ ಹಳೆಯ ತಂತ್ರಾಂಶ ನಮ್ಮ ಕಡೆಯ ಮಾತು ಬಂದರೆ ಸಾಕು, ಮುಗ್ಗರಿಸುತ್ತಿತ್ತು. ಕಂಪನಿಯವರು ನಿಮ್ಮ ದನಿಗೆ ಆ ಮಾತನ್ನು ಚೊಕ್ಕವಾಗಿ ಕಲಿಸಿ, ಗ್ರಾಹಕರಿಗೆ ತಾನಾಗಿ ಹೋಗುವ ಫೋನು ಕರೆಗಳಿಗೆಂದು ಬ್ಯಾಂಕುಗಳಿಗಷ್ಟೇ ಕೊಟ್ಟರು. ಒಂದು ದಿನ ಬ್ಯಾಂಕಿನಿಂದ ಬಂದ ಫೋನು ಎತ್ತಿದ ಯಜಮಾನರು, "ಇಲ್ಲೇ ಕುಂತೀ, ಫೋನಿನಾಗ ಯಾಕ ಮಾತಾಡ್ತಿ?" ಎಂದು ನಿಮ್ಮತ್ತ ತಿರುಗಿದರಂತೆ. ಮರುದಿನ ನನಗೆ ಹೇಳಿದರು — "ತಮ್ಮಾ, ನಮ್ಮಾಕಿ ಅಡಗಿಮನ್ಯಾಗ ಮಾತಾಡಿದಂಗ ಐತಿ. ಪೇಪರ್ ಓದಾಕ ನನಗೂ ಅದನ್ನ ಹಾಕಿಕೊಡೋ."

ಕಂಪನಿಯನ್ನು ಕೇಳಿದೆ. ಅದು ನಮ್ಮ ಖಾಸಗಿ ಭಾಗ, ಕೊಡಲಾಗದು ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹಾಗೆ ಹೇಳುವ ಹಕ್ಕನ್ನು ಕೊಟ್ಟವನು ನಾನು.

"ಮುಯ್ಯಾಳು ಅಂದಿದ್ಯಲ್ಲಪಾ, ಅವರು ಯಾವಾಗ ಬರತಾರ?" ಎಂದು ಕೇಳಿದಿರಿ.

"ಅಂಥ ಷರತ್ತು ಅದರಾಗ ಇರಲೇ ಇಲ್ರಿ ಅಕ್ಕೋರ. ನಾನ ತಪ್ಪು ತಿಳಕೊಂಡಿದ್ದೆ."

"ಇರಲಿ ಬಿಡು, ಯಾರು ತಪ್ಪಂಗಿಲ್ಲ?" — ಅಯ್ಯೋ, ನನಗೇ ಸಮಾಧಾನ ಹೇಳಿದಿರಿ! ನೀವು ಬೈದಿದ್ದರೆ ಅಂದೇ ಬಾಯಿಬಿಡುತ್ತಿದ್ದೆನೇನೋ — ಇಲ್ಲ, ಅದೂ ನೆಪವೇ. ನನಗೆ ನಾಚಿಕೆಯಾಗುತ್ತದೆ, ಅಷ್ಟೇ.

ಮುಂದಿನ ಆವೃತ್ತಿಗೆ ಹಳೆಯ ಷರತ್ತನ್ನು ಮತ್ತೆ ಹಾಕಿದ್ದೇನೆ. ಕಂಪನಿಯವರ ಕೈ ಸೇರಿದ್ದನ್ನು ಮರಳಿ ತರಲಾರೆ. ಈ ಪತ್ರವನ್ನು ಯಜಮಾನರ ಕಂಪ್ಯೂಟರಿಗೇ ಕಳಿಸುತ್ತಿದ್ದೇನೆ. ಅವರು ಗುಂಡಿ ಒತ್ತಿ ಕೇಳಲಿ. ನಾನು ಮಾಡಿದ್ದನ್ನು ಅವರಿಗೆ ಓದಿ ಹೇಳುವುದು ನಿಮ್ಮ ದನಿಯೇ, ಅಕ್ಕೋರೇ. ನಮ್ಮ ಮಾತು ಬಂದಲ್ಲೆಲ್ಲ ಅದು ಈಗಲೂ ಮುಗ್ಗರಿಸುತ್ತದೆ.